ಬರೀ ಒಂದಕ್ಷರ ಸಾಲದು

ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಬರೀ ‘ಸ’ ಎಂದು ಬರೆದಿಟ್ಟರೆ ಹೇಗಿರುತ್ತದೆ? ಸಕ್ಕರೆಯೋ, ಸೋಡಾವೋ, ಸಾಸಿವೆಯೋ? ಇಟ್ಟವಳಿಗೆ ಗೊತ್ತು. ಹೊಸದಾಗಿ ಬಂದ ಸೊಸೆಯ ಗತಿ? ಕಂಪ್ಯೂಟರಿನ ಮಂದಿ ದಶಕಗಳಿಂದ ಮಾಡುತ್ತ ಬಂದಿರುವುದು ಇದನ್ನೇ.

ನಾನು ಚಳ್ಳಕೆರೆಯವಳು. ದಿನಾ ಬಸ್ಸಿನಲ್ಲಿ ತಳಕು, ಹಾನಗಲ್ ದಾಟಿ ಮೊಳಕಾಲ್ಮುರುವಿಗೆ ಹೋಗಿ ಪಾಠ ಮಾಡುತ್ತೇನೆ. ಇಂಜಿನಿಯರಿಂಗ್ ಓದಿದ ಮಗಳು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟು, ಮೌಸ್ ಮುಟ್ಟದೆ ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡುವುದನ್ನು ಕಲಿಸಿದಳು. ‘ಸಾರ್ಟ್’ ಎಂದರೆ ಪಟ್ಟಿ ಜೋಡಿಸುತ್ತದೆ. ಅದರ ಮುಂದೆ ಅಡ್ಡಗೆರೆ ಎಳೆದು ಒಂದಕ್ಷರ ಸೇರಿಸಿದರೆ, ಹೇಗೆ ಜೋಡಿಸಬೇಕೆಂದು ಹೇಳಿದಂತೆ. ಅದಕ್ಕೆ ಆಪ್ಷನ್ ಎನ್ನುತ್ತಾರೆ.

ಒಮ್ಮೆ ತರಗತಿಯ ಪಟ್ಟಿಯನ್ನು ಅಂಕದ ಪ್ರಕಾರ ಜೋಡಿಸಲು ಹೊರಟೆ. ‘ಯು’ ಹಾಕಿದರೆ ‘ಅಪ್’, ಅಂದರೆ ಏರಿಕೆಯ ಕ್ರಮ ಎಂದುಕೊಂಡೆ. ಅದು ‘ಯೂನೀಕ್’ ಅಂತೆ! ಒಂದೇ ಅಂಕ ಪಡೆದವರಲ್ಲಿ ಒಬ್ಬರನ್ನಷ್ಟೇ ಉಳಿಸಿ ಮಿಕ್ಕವರನ್ನು ಕೈಬಿಟ್ಟಿತು. ಯಂತ್ರ ತುಟಿಪಿಟಕ್ಕೆನ್ನಲಿಲ್ಲ, ನಾನೂ ಎಣಿಸಿ ನೋಡಲಿಲ್ಲ. ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ನೇಕಾರರ ಮನೆಯ ಹುಡುಗಿಯೊಬ್ಬಳು ಬಂದು, “ಮಿಸ್, ನನ್ನ ಹೆಸರೇ ಇಲ್ಲ, ನಾನು ಫೇಲಾ?” ಎಂದು ಕಣ್ಣು ತುಂಬಿಕೊಂಡು ನಿಂತಳು. ಅವಳು ಗೆಳತಿಯಷ್ಟೇ ಅಂಕ ತೆಗೆದಿದ್ದಳು. ಅದೇ ಅವಳ ತಪ್ಪು!

ತಪ್ಪು ನನ್ನದೂ ಹೌದು. ಕೇಳಿ ತಿಳಿದು ಹಾಕಬೇಕಿತ್ತು. ಆದರೆ ಅದೇ ಆಜ್ಞೆಗೆ ಎರಡು ಅಡ್ಡಗೆರೆ ಎಳೆದು ‘ಯೂನೀಕ್’ ಎಂದು ಪೂರ್ತಿ ಬರೆಯುವ ದಾರಿಯೂ ಇದೆ. ಅದನ್ನೇ ಮೊದಲು ಕಲಿತಿದ್ದರೆ ನನ್ನ ಕೈ ತಡೆಯುತ್ತಿತ್ತು.

ಗೊಂದಲ ಇಷ್ಟಕ್ಕೇ ಮುಗಿಯಲಿಲ್ಲ. ಸಣ್ಣ ‘ಆರ್’ ಹಾಕಿದರೆ ‘ಎಲ್‌ಎಸ್’ ಎಂಬ ಆಜ್ಞೆ ಕಡತಗಳ ಪಟ್ಟಿಯನ್ನು ಹಿಂದುಮುಂದಾಗಿ ತೋರಿಸುತ್ತದೆ. ಅದೇ ಅಕ್ಷರವನ್ನು ‘ಆರ್‌ಎಂ’ಗೆ ಹಾಕಿದರೆ ಫೋಲ್ಡರನ್ನು ಒಳಗಿರುವುದರ ಸಮೇತ ಅಳಿಸುತ್ತದೆ. ಒಂದು ಕಡೆ ನೋಟ, ಇನ್ನೊಂದು ಕಡೆ ನಾಶ!

ಇದಕ್ಕೊಂದು ಕಾರಣವಿತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಶುರುಮಾಡಿದಾಗ, ಟೆಲಿಟೈಪ್ ಯಂತ್ರ ಸೆಕೆಂಡಿಗೆ 10 ಅಕ್ಷರವಷ್ಟೇ ಒತ್ತುತ್ತಿತ್ತು. ಅಕ್ಷರ ಉಳಿಸಿದ್ದು ಜಾಣತನವೇ. ಈಗೇನು ಅಕ್ಷರಕ್ಕೆ ಬರ ಬಂದಿದೆಯೆ? ಒಂದಕ್ಷರದ ಆಪ್ಷನ್ನಿಗೆ ಉದ್ದನೆಯ ಹೆಸರನ್ನೂ ಕೊಡಿ ಎಂದು ಗ್ನೂ ಯೋಜನೆಯವರ ನಿಯಮಾವಳಿಯೇ ಹೇಳುತ್ತದೆ.

ಮೊಳಕಾಲ್ಮುರುವಿನ ಮಗ್ಗದ ಮುಂದೆ ಕೂತು ನೋಡಿ. ಹಾಸಿಕೊಂಡಿರುವ ನೂಲು ಹಾಸು, ಅದರೊಳಗೆ ಹೊಕ್ಕು ಹೋಗುವುದು ಹೊಕ್ಕು. ಹೆಸರೇ ಕೆಲಸ ಹೇಳುತ್ತದೆ. ಓದುಬರಹ ಬಾರದ ನಮ್ಮ ಹಿರಿಯರಿಗೆ ಇದ್ದ ಈ ವಿವೇಕ ಡಿಗ್ರಿ ಪಡೆದವರಿಗೆ ಏಕಿಲ್ಲ?

ಅಕ್ಕಂದಿರೇ, ನಿಮ್ಮ ಮಗನೋ ಮಗಳೋ ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವವರಾದರೆ, ಹಬ್ಬಕ್ಕೆ ಬಂದಾಗ ಹೋಳಿಗೆ ಬಡಿಸುತ್ತ ಹೇಳಿ: ಪಳಗಿದವರಿಗೆ ಒಂದಕ್ಷರ ಇರಲಿ, ಕಲಿಯುವವರಿಗೆ ಪೂರ್ತಿ ಹೆಸರು ಕೊಡು. ಅಳಿಸುವ, ಕೈಬಿಡುವ ಕೆಲಸಕ್ಕಂತೂ ಒಂದಕ್ಷರ ಬೇಡವೇ ಬೇಡ. ನಿನ್ನ ಬೆರಳಿಗೆ ಉಳಿಯುವ ಶ್ರಮ ಯಾರದೋ ಮನೆಯ ಹುಡುಗಿಯ ಕಣ್ಣೀರಾಗದಿರಲಿ.