ಕಿಡಿ ದೊಡ್ಡದಾದರೆ ಪವರ್ ಜಾಸ್ತಿಯಾಗುತ್ತಾ?

ಅಲ್ಲಾ ಸ್ವಾಮಿ, ಆನೆಪಟಾಕಿಯನ್ನು ಊದುಬತ್ತಿಯಲ್ಲಿ ಹಚ್ಚಿದರೂ ಪಂಜಿನಲ್ಲಿ ಹಚ್ಚಿದರೂ ಸದ್ದು ಒಂದೇ ತಾನೇ? ಮತ್ತೆ 60,000 ವೋಲ್ಟಿನ ಕಾಯಿಲ್, ಇರಿಡಿಯಂ ಪ್ಲಗ್ ಹಾಕಿಸಿದರೆ ಹೊಸ ಕಾರಿನ ಪವರ್ರೂ ಮೈಲೇಜೂ ಏರುತ್ತೆ ಅಂತ ನಂಬಿ ಸಾವಿರಾರು ರೂಪಾಯಿ ಸುರಿಯುವವರಿಗೆ ಏನನ್ನೋಣ?

ಪವರ್ ಬರುವುದು ಸಿಲಿಂಡರಿನೊಳಗೆ ಹೋದ ಗಾಳಿ, ಪೆಟ್ರೋಲಿನಿಂದ. ಕಿಡಿಯ ಕೆಲಸ ಸರಿಯಾದ ಹೊತ್ತಿಗೆ ಬೆಂಕಿ ತಾಗಿಸುವುದು, ಅಷ್ಟೆ. ಇನ್ನು ಆ 60,000... ಅದು ಡಬ್ಬಿಯ ಮೇಲಿನ ಸಂಖ್ಯೆ. ಪ್ಲಗ್ಗಿನ ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟು ವೋಲ್ಟೇಜ್ ಏರುತ್ತಿದ್ದಂತೆ ಕಿಡಿ ಹಾರಿಬಿಡುತ್ತದೆ. ಮಾಮೂಲಿ ಓಡಾಟದಲ್ಲಿ ಅದು 10-15 ಸಾವಿರದ ಆಸುಪಾಸು.

ಹಾಗಂತ ಎಲ್ಲವೂ ಬೊಗಳೆ ಅನ್ನುತ್ತಿಲ್ಲ. ಹಳೇ ಅಂಬಾಸಡರ್, ಪದ್ಮಿನಿ ಇಟ್ಟುಕೊಂಡವರನ್ನು ಕೇಳಿ. ಅವುಗಳಲ್ಲಿ ಸಿ.ಬಿ. ಪಾಯಿಂಟ್ ಇರುತ್ತಿತ್ತು. ಪ್ರತಿ ಕಿಡಿಗೂ ಮೂರ್ನಾಲ್ಕು ಆಂಪಿಯರ್ ಕರೆಂಟನ್ನು ಕಡಿಯುತ್ತಾ ಅದು ಸುಟ್ಟು ಕಪ್ಪಾಗುತ್ತಿತ್ತು. ಕ್ಯಾಮಿಗೆ ಉಜ್ಜುವ ತುದಿ ಸವೆದು, 0.4 ಮಿ.ಮೀ. ಆಸುಪಾಸಿನ ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತಿತ್ತು. ಪಿಕಪ್ ಹೋಯ್ತು, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಮೆಕ್ಯಾನಿಕ್ ಎಮರಿ ಪೇಪರ್ ಹಿಡಿದು ಬರಬೇಕು! ಅಂಥ ಗಾಡಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದರೆ ನಿಜಕ್ಕೂ ಲಾಭ. ರೇಸಿನವರ ಲೆಕ್ಕವೂ ಬೇರೆ. ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದು ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 200 ಕಿಡಿ ಬೇಕು. ಒಂದೊಂದಕ್ಕೆ ಸಿಗುವುದು 5 ಮಿಲಿಸೆಕೆಂಡ್, ಅಷ್ಟರಲ್ಲಿ ಕಾಯಿಲ್ ತುಂಬುವುದೇ ಕಷ್ಟ.

ಆದರೆ ಇವತ್ತಿನ ಬಹುತೇಕ ಕಾರುಗಳಲ್ಲಿ ಸಿಲಿಂಡರಿಗೊಂದು ಕಾಯಿಲ್. ಅದೇ ವೇಗದಲ್ಲಿ 20 ಮಿಲಿಸೆಕೆಂಡ್ ಸಿಗುತ್ತದೆ. ಟೈಮಿಂಗ್ ನೋಡಿಕೊಳ್ಳಲು ಇಸಿಯು ಇದೆ. ಇಲ್ಲದ ಕಾಯಿಲೆಗೆ ಔಷಧಿ ಯಾಕ್ರೀ?

"ಇರಿಡಿಯಂ ಹಾಕಿಸಿದ ಮೇಲೆ ಗಾಡಿ ಬೆಣ್ಣೆ ಥರ ಓಡ್ತಿದೆ" ಅನ್ನುವವರೂ ಇದ್ದಾರೆ. ಓಡುತ್ತೆ ಕಣ್ರೀ, ಬಿಚ್ಚಿದ ಹಳೇ ಪ್ಲಗ್ಗಿನ ಸ್ಥಿತಿ ನೋಡಿದ್ರಾ? ಸಾದಾ ಹೊಸ ಪ್ಲಗ್ ಹಾಕಿದ್ದರೂ ಹಾಗೇ ಓಡುತ್ತಿತ್ತು. ಇರಿಡಿಯಂ 2400 ಡಿಗ್ರಿ ದಾಟಿದರೂ ಕರಗದ ಲೋಹ. ತುದಿ ಸಣ್ಣಗಿದ್ದರೂ ಬೇಗ ಸವೆಯಲ್ಲ, ಲಕ್ಷ ಕಿ.ಮೀ. ಬಾಳುವಂಥವೂ ಇವೆ. ಪ್ಲಗ್ ಬಿಚ್ಚಲು ಅರ್ಧ ಎಂಜಿನ್ ಕಳಚಬೇಕಾದ ಕಾರಿಗೆ ಇದು ದೊಡ್ಡ ಉಪಕಾರವೇ. ಆದರೆ "ಬಾಳಿಕೆ" ಅಂತ ಬರೆದರೆ ಹುಡುಗರು ಕೊಳ್ಳಬೇಕಲ್ಲ :-)

ಅಂಗಡಿಯವರು "5 ಬಿಎಚ್‌ಪಿ ಗ್ಯಾರಂಟಿ" ಅಂದರೆ ಒಂದು ಮಾತು ಕೇಳಿ: ಸಾದಾ ಹೊಸ ಪ್ಲಗ್ ಹಾಕಿ ಒಂದು ಸಲ, ನಿಮ್ಮ ಕಿಟ್ ಹಾಕಿ ಒಂದು ಸಲ, ಒಂದೇ ದಿನ ಡೈನೋ ಮೇಲೆ ಓಡಿಸಿ ತೋರಿಸ್ತೀರಾ? ಸವೆದ ಪ್ಲಗ್ಗಿಗೆ ಹೋಲಿಸಿದ್ದು ಲೆಕ್ಕಕ್ಕಿಲ್ಲ.