ಚರ್ಮವೈದ್ಯರ ಋಣ



ಕಾಫಿ ಎಲೆಯ ಮೇಲೆ ಗುರುತು ಸಿಗದ ಚುಕ್ಕೆ ಕಂಡರೆ ನಾವು ಆ ಎಲೆಯನ್ನು ಕಾಗದದಲ್ಲಿ ಸುತ್ತಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೆ ಒಯ್ಯುತ್ತೇವೆ. ಅಡಿಕೆಯ ಹಿಂಗಾರ ಒಣಗಿದರೆ ವಿಟ್ಲದ ತಜ್ಞರನ್ನು ವಿಚಾರಿಸುತ್ತೇವೆ. ನಮ್ಮ ಮೈಮೇಲೆ ದದ್ದು ಎದ್ದರೆ ಮಾತ್ರ ಪೇಟೆಯ ಔಷಧಿ ಅಂಗಡಿಯ ಮುಂದೆ ನಿಂತು, ತುರಿಕೆಗೊಂದು ಮುಲಾಮು ಕೊಡಿ ಎನ್ನುತ್ತೇವೆ. ಗಿಡಕ್ಕೆ ತೋರುವ ವಿವೇಕವನ್ನು ದೇಹಕ್ಕೆ ತೋರದ ಈ ರೂಢಿ ಹೋಗಬೇಕು. ಅದನ್ನು ಹೇಳುವುದರ ಜೊತೆಗೆ, ನನ್ನನ್ನು ನೋಡಿದ ಚರ್ಮವೈದ್ಯರ ಋಣವನ್ನು ಬಹಿರಂಗವಾಗಿ ಸ್ಮರಿಸುವುದೂ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

3 ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ಮುಖ, ಕತ್ತು ಹಾಗೂ ಮೊಣಕೈ ಮಡಿಕೆಗಳಲ್ಲಿ ತುರಿಕೆ ಆರಂಭವಾಯಿತು. ಚರ್ಮ ಕೆಂಪಾಗಿ ದಪ್ಪಗಟ್ಟಿತು. ರಾತ್ರಿಯ ನಿದ್ರೆ ಹೋಯಿತು. ಒಬ್ಬ ವೈದ್ಯರು ಬಿಸಿಲಿನ ಅಲರ್ಜಿ ಎಂದರು, ಮತ್ತೊಬ್ಬರು ಹುಳುಕಡ್ಡಿ ಎಂದರು. ತೋಟದ ಆಳುಗಳ ಅನುಮಾನವೆಲ್ಲ ಮೈಲುತುತ್ತದ ಮೇಲೆ. ನೆಂಟರು ನಾಗದೋಷವಿರಬಹುದೆಂದು ಸೂಚಿಸಿದರು. ಯಾರ ಮೇಲೂ ನನಗೆ ಅಸಮಾಧಾನವಿಲ್ಲ. ರೋಗದ ಸ್ವರೂಪವೇ ಅಂಥದು. ಆದರೆ ಸಭೆ ಸಮಾರಂಭಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿದಾಗ ಆದ ನೋವು ತುರಿಕೆಗಿಂತ ದೊಡ್ಡದು. ಕುಷ್ಠವಿರಬಹುದೇ ಎಂಬ ಪಿಸುಮಾತೂ ಕಿವಿಗೆ ಬಿತ್ತು.

ಕೊನೆಗೆ ಜಿಲ್ಲಾ ಕೇಂದ್ರದ ಒಬ್ಬ ಚರ್ಮವೈದ್ಯೆಯ ಬಳಿಗೆ ಹೋದೆ. ಅವರು ಚೀಟಿ ಬರೆಯುವ ಮೊದಲು ಅರ್ಧ ಗಂಟೆ ನನ್ನ ಕಸುಬನ್ನೇ ವಿಚಾರಿಸಿದರು. ಯಾವ ತಿಂಗಳಲ್ಲಿ ಯಾವ ಕೆಲಸ, ಕಣ ಎಲ್ಲಿದೆ, ಗೊಬ್ಬರ ಎಲ್ಲಿಂದ ಬರುತ್ತದೆ ಎಂದೆಲ್ಲ ಕೇಳಿದರು. ಬಳಿಕ ಗಲ್ಲವನ್ನೆತ್ತಿಸಿ ಅದರ ಕೆಳಭಾಗ, ಕಿವಿಯ ಹಿಂಬದಿ, ಕಣ್ಣುರೆಪ್ಪೆಗಳನ್ನು ನೋಡಿದರು. ಬಿಸಿಲಿನಿಂದ ಬರುವ ತೊಂದರೆ ನೆರಳಿನಲ್ಲಿರುವ ಇಂಥ ಜಾಗಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಗಾಳಿಯಲ್ಲಿ ತೇಲಿ ಬರುವ ಧೂಳಿಗೆ ಆ ಭೇದವಿಲ್ಲ. ನನ್ನಲ್ಲಿ ಆ ಜಾಗಗಳೂ ಕೆಂಪಾಗಿದ್ದವು. ಆದರೂ ಅವರು, "ಈ ದಿನವೇ ಖಚಿತವಾಗಿ ಹೇಳಲಾರೆ, ಪರೀಕ್ಷೆಯಾಗಲಿ" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ವೈದ್ಯರ ಮೇಲೆ ವಿಶ್ವಾಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂಬುದು ನನಗೆ ಅಂದು ಮನವರಿಕೆಯಾಯಿತು.

ಆ ಪರೀಕ್ಷೆಗೆ ಪ್ಯಾಚ್ ಟೆಸ್ಟ್ ಎಂದು ಹೆಸರು. ಜರ್ಮನಿಯ ಯಾಡಾಸೋನ್ ಎಂಬ ವೈದ್ಯರು 1895ರಲ್ಲಿ ಪ್ರಕಟಪಡಿಸಿದ ವಿಧಾನವಿದು. ಸಂಶಯವಿರುವ ವಸ್ತುಗಳನ್ನು ಬೆನ್ನಿನ ಮೇಲೆ ಪಟ್ಟಿಯಲ್ಲಿ ಅಂಟಿಸಿ, 48 ಗಂಟೆಗಳ ನಂತರ ಬಿಚ್ಚಿ ನೋಡುತ್ತಾರೆ. ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ನನ್ನ ಬೆನ್ನಿನಲ್ಲಿ ಕೆಂಪಾಗಿ ಉಬ್ಬಿದ್ದು ಒಂದೇ ಜಾಗ, ನಾವು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಇಟ್ಟಲ್ಲಿ.

ಅಮೆರಿಕ ಖಂಡದ ಉಷ್ಣಪ್ರದೇಶದ ಈ ಕಳೆ ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ಹಗೆ. ಗಿಡ ಒಣಗಿ ಪುಡಿಯಾದ ಮೇಲೂ ಅದರ ಧೂಳು ಕಾಡುತ್ತದೆ. ಇದನ್ನು ಪತ್ತೆ ಮಾಡುವುದು ಕಷ್ಟವಾಗಲು ಎರಡು ಕಾರಣಗಳಿವೆ. ವರ್ಷಗಟ್ಟಲೆ ಮುಟ್ಟಿದರೂ ಏನೂ ಆಗದವನಿಗೆ ಒಂದು ವರ್ಷ ಇದ್ದಕ್ಕಿದ್ದಂತೆ ಒಗ್ಗದೆ ಹೋಗುತ್ತದೆ. ಒಮ್ಮೆ ಒಗ್ಗದಾದರೆ ದೇಹ ಅದನ್ನು ಸುಲಭವಾಗಿ ಮರೆಯುವುದಿಲ್ಲ. ಎರಡನೆಯದಾಗಿ, ಭಾನುವಾರ ಮುಟ್ಟಿದ್ದಕ್ಕೆ ತುರಿಕೆ ಏಳುವುದು ಸೋಮವಾರವೋ ಮಂಗಳವಾರವೋ. ಹೀಗಾಗಿ ಕಾರ್ಯಕಾರಣ ಸಂಬಂಧ ರೋಗಿಗೇ ಹೊಳೆಯುವುದಿಲ್ಲ. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ ಎಂಬುದನ್ನು ಎಲ್ಲರೂ ತಿಳಿಯಬೇಕು.

ಚಿಕಿತ್ಸೆ ಒಂದು ವಾರದ ಮಾತಾಗಿರಲಿಲ್ಲ. ಗಿಡದಿಂದ ದೂರವಿರುವುದು, ಮಿತವಾಗಿ ಸ್ಟೀರಾಯ್ಡ್ ಮುಲಾಮು, ಅಜಾಥಯೋಪ್ರಿನ್ ಎಂಬ ಮಾತ್ರೆ, ಅದರೊಂದಿಗೆ ಆಗಾಗ ರಕ್ತಪರೀಕ್ಷೆ. ಪ್ರತಿ ಸಲವೂ ಆ ವೈದ್ಯೆ ನನ್ನನ್ನು ಹೊಸ ರೋಗಿಯೆಂಬಂತೆ ಸಮಾಧಾನದಿಂದ ನೋಡಿದರು. ಸೋರುತ್ತಿದ್ದ ಗಾಯವನ್ನು ಅಸಹ್ಯಪಡದೆ ತೊಳೆದ ದಾದಿಯರನ್ನೂ ನಾನು ಮರೆಯಲಾರೆ. ಇಂದು ನಿದ್ರೆ ಬರುತ್ತಿದೆ, ತೋಟಕ್ಕೆ ಹೋಗುತ್ತಿದ್ದೇನೆ. ಸಂಕ್ರಾಂತಿಗೆ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟುಬಂದರೆ ಈ ಋಣ ತೀರುತ್ತದೆಯೇ? ಅವರು ನಮ್ಮಿಂದ ನಿಜವಾಗಿ ಬಯಸುವುದು ಬೇರೆ.

ವೈದ್ಯರ ಬಳಿ ಹೋಗುವಾಗ ಕೆಲಸದ ವಿವರವನ್ನು ಮುಚ್ಚಿಡದೆ ಹೇಳೋಣ. ಸಿಂಪಡಿಸಿದ ಔಷಧ, ಕಿತ್ತ ಕಳೆ, ಹಚ್ಚಿಕೊಂಡ ಮುಲಾಮು ಎಲ್ಲವನ್ನೂ ದಿನಾಂಕ ಸಹಿತ ಬರೆದುಕೊಂಡು ಹೋಗೋಣ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತಂಪು ನೀಡಿ ರೋಗದ ಗುರುತನ್ನು ಅಳಿಸುತ್ತದೆ, ಬಹುಕಾಲ ಹಚ್ಚಿದರೆ ಚರ್ಮವನ್ನು ತೆಳುವಾಗಿಸುತ್ತದೆ.

ಬಯಲುಸೀಮೆಯಿಂದ ಲಾರಿಯಲ್ಲಿ ತರಿಸುವ ಕೊಟ್ಟಿಗೆ ಗೊಬ್ಬರದೊಡನೆ ಈ ಕಳೆಯ ಬೀಜ ನಮ್ಮಲ್ಲಿಗೂ ಬರುತ್ತದೆ. ಗೊಬ್ಬರ ಸುರಿದ ಜಾಗ, ಕಣದ ಅಂಚು, ರಸ್ತೆಬದಿಗಳಲ್ಲಿ ಗಿಡ ಹೂಬಿಡುವ ಮುನ್ನವೇ ಬೇರುಸಹಿತ ಕೀಳಿಸಬೇಕು. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಜೀರುಂಡೆ ಮಳೆಗಾಲದಲ್ಲಿ ಇದರ ಎಲೆ ತಿನ್ನುತ್ತದೆಯಾದರೂ ಅದನ್ನೇ ನಂಬಿ ಕೂರುವಂತಿಲ್ಲ. ಕೀಳುವವರಿಗೆ ಕೈಗವಸು, ತುಂಬುತೋಳಿನ ಅಂಗಿ ಕೊಡಬೇಕು. ಈಗಾಗಲೇ ತುರಿಕೆಯಿರುವವರನ್ನು ಆ ಕೆಲಸಕ್ಕೆ ಹಚ್ಚಲೇಬಾರದು.

ನನಗೆ ಜಿಲ್ಲಾ ಕೇಂದ್ರಕ್ಕೆ ಹೋಗಲು ಜೀಪಿದೆ. ಅದೇ ಗಿಡ ಕೀಳುವ ಕೂಲಿಯಾಳು ವೈದ್ಯರಲ್ಲಿಗೆ ಹೋದರೆ ಆ ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಹೋಗದಿದ್ದರೆ ಮೈ ಕೆರೆದುಕೊಂಡೇ ಬದುಕುತ್ತಾನೆ, ಊಟದ ಪಂಕ್ತಿಯಲ್ಲಿ ದೂರ ಕೂರುತ್ತಾನೆ. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಕೂಡಲೇ, ಸಂಘದ ಗೋದಾಮಿನಲ್ಲಿ ಚರ್ಮವೈದ್ಯರ ಶಿಬಿರ ನಡೆಸಬೇಕೆಂದೂ, ಆ ದಿನ ಬರುವ ಆಳುಗಳಿಗೆ ಪೂರ್ಣ ಕೂಲಿ ಸಲ್ಲಬೇಕೆಂದೂ ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಪ್ರಸ್ತಾವ ಮಂಡಿಸಲಿದ್ದೇನೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.