ಕಣ್ಣಕಪ್ಪಡಿಗೆ ಯಾರು ದಿಕ್ಕು?

ನಮ್ಮ ಎಮ್ಮೆದೊಡ್ಡಿಯಲ್ಲಿ ಸಲಮಾಂಡರ್ ಇಲ್ಲ. ಎಮ್ಮೆದೊಡ್ಡಿ ಯಾಕೆ, ಇಡೀ ಕರ್ನಾಟಕದಲ್ಲೇ ಇಲ್ಲ. ಭಾರತದಲ್ಲಿ ಅದನ್ನ ನೋಡ್ಬೇಕು ಅಂದ್ರೆ ಡಾರ್ಜಿಲಿಂಗ್, ಇಲ್ಲಾ ಈಶಾನ್ಯದ ಬೆಟ್ಟಗಳಿಗೇ ಹೋಗ್ಬೇಕು. ನೋಡೋಕೆ ಹಲ್ಲಿ, ಸಂಬಂಧದಲ್ಲಿ ಕಪ್ಪೆಯ ನೆಂಟ. ಡಾರ್ಜಿಲಿಂಗ್ ಹತ್ತಿರದ ಜೋರ್‌ಪೋಖ್ರಿಯಲ್ಲಿ ಅದಕ್ಕೇ ಅಂತ ಪುಟ್ಟದೊಂದು ಅಭಯಾರಣ್ಯವೂ ಇದೆ.

ಬಾವಲಿಗೆ ಅಂಥ ಭಾಗ್ಯ ಎಲ್ಲಿ ಬರ್ಬೇಕು? 1972ರ ವನ್ಯಜೀವಿ ಕಾಯ್ದೆಯ ಹಳೇ ಪಟ್ಟಿಗಳನ್ನೇ ನೋಡಿ. ಸಲಮಾಂಡರ್ ರಕ್ಷಿತ ಪ್ರಾಣಿ. ಹಣ್ಣು ತಿನ್ನೋ ಬಾವಲಿ ಕಾಗೆ, ಇಲಿಗಳ ಜೊತೆ 'ಪೀಡೆ'! 2022ರ ತಿದ್ದುಪಡಿಯಲ್ಲಿ ಆ ಪೀಡೆಗಳ ಪಟ್ಟಿಯನ್ನ ತೆಗೆದುಹಾಕಿದ್ರು, ನಿಜ. ಆದ್ರೆ ಅಷ್ಟರಲ್ಲಿ 2018ರ ನಿಫಾ, 2020ರ ಕೊರೊನಾ ಬಂದು ಬಾವಲಿ ಹೆಸರು ಇನ್ನಷ್ಟು ಕೆಟ್ಟಿತ್ತು. ಹುಳ ತಿಂದು ಬದುಕೋ ಪಾಪದ ಕಣ್ಣಕಪ್ಪಡಿಗೂ ಅದೇ ಬೈಗುಳ.

ಕೋಲಾರದ ಎಲೆಮೂಗಿನ ಬಾವಲಿ ಅಂತ ಒಂದಿದೆ, ಕೇಳಿದೀರಾ? 1994ರಲ್ಲಿ ವಿಜ್ಞಾನಿಗಳು ಹೆಸರಿಟ್ಟ, ಅಂಗೈಯಲ್ಲಿ ಹಿಡಿಯೋವಷ್ಟು ಸಣ್ಣ ಜೀವ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಒಂದು ಗುಹೆ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇರೋದು ಗೊತ್ತಿಲ್ಲ. ಮೊದಲು ತೇರಹಳ್ಳಿಯ ಗುಹೆಯಲ್ಲೂ ಇತ್ತು, ಈಗ ಅಲ್ಲಿಲ್ಲ. 2016ರ ಐಯುಸಿಎನ್ ಅಂದಾಜಿನ ಪ್ರಕಾರ ಉಳಿದಿದ್ದು ಇನ್ನೂರಕ್ಕಿಂತ ಕಮ್ಮಿ. ಶತ್ರು ಯಾರು ಅಂದ್ರೆ, ನಮ್ಮ ಮನೆಗಳ ನೆಲಕ್ಕೆ ಹಾಸೋ ಗ್ರಾನೈಟು.

ಎರಡರಲ್ಲಿ ಯಾವುದನ್ನ ಮೊದಲು ಉಳಿಸಬೇಕು ಅಂತ ಯಾರಾದ್ರೂ ಕೇಳಿದ್ರೆ ನನ್ನ ಓಟು ಬಾವಲಿಗೆ. ನಮ್ಮ ರಾಜ್ಯದ್ದು ಅನ್ನೋ ಅಭಿಮಾನ ಸ್ವಲ್ಪ ಇದೆ, ಇಲ್ಲ ಅನ್ನಲ್ಲ :-) ಆದ್ರೆ ಲೆಕ್ಕವೂ ಇದೆ. ಸಲಮಾಂಡರ್ ಮಳೆಗಾಲದಲ್ಲಿ ಹೊಂಡಕ್ಕಿಳಿದು ಒಂದಷ್ಟು ಮೊಟ್ಟೆ ಇಡುತ್ತೆ. ಮನಸ್ಸು ಮಾಡಿದ್ರೆ ಹೊಂಡದ ಹೂಳೆತ್ತಬಹುದು, ಹೊಸದನ್ನೂ ತೋಡಬಹುದು. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಹೆರೋದು ಒಂದೇ ಮರಿ. ಕೋಟ್ಯಂತರ ವರ್ಷದ ಬಂಡೆಯನ್ನ ಒಮ್ಮೆ ಸಿಡಿಸಿದ ಮೇಲೆ ಇನ್ನೊಂದು ಗುಹೆಯನ್ನ ಯಾವ ಇಲಾಖೆ ಕಟ್ಟಿಕೊಡುತ್ತೆ?

ಅಮೆರಿಕದಲ್ಲಿ 2006ರಿಂದೀಚೆಗೆ ಬಿಳಿಮೂಗಿನ ರೋಗ ಲಕ್ಷಾಂತರ ಬಾವಲಿಗಳನ್ನ ಕೊಂದಿದೆ. ಯುರೋಪಿನ ಸಲಮಾಂಡರುಗಳನ್ನ ತಿಂತಿರೋ ಇನ್ನೊಂದು ಶಿಲೀಂಧ್ರವನ್ನ 2013ರಲ್ಲಿ ಗುರುತಿಸಿದ್ರು. ಅಲ್ಲಾದ್ರೂ ರೋಗ ಬರ್ಬೇಕಾಯ್ತು. ಹನುಮನಹಳ್ಳಿಯಲ್ಲಿ ಒಂದು ಸಿಡಿಮದ್ದು ಸಾಕು.

ಕೋಲಾರದ ಕಡೆಯ ಗೆಳೆಯರೇ, ನಿಮ್ಮಲ್ಲಿ ಆ ಗುಡ್ಡದ ಸುತ್ತಮುತ್ತ ಓಡಾಡಿದವರು ಯಾರಾದ್ರೂ ಇದ್ರೆ ನಿಮ್ಮ ಬ್ಲಾಗಲ್ಲಿ ಬರೀರಿ. ಗುಹೆಯೊಳಗೆ ಮಾತ್ರ ಹೋಗ್ಬೇಡಿ, ಅವು ಮಲಗಿರ್ತವೆ.